ಕಡಲಿಲ್ಲದ ಊರಿನ ದೆವ್ವ

ಕಿರಂಗೂರಿನಿಂದ ಕಡಲು ನೋಡಬೇಕೆಂದರೆ ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯಬೇಕು. ಅಷ್ಟು ಹೊತ್ತಿಗೆ ಅರ್ಧ ದಿನ ಕಳೆದು, ಬಸ್ಸಿನಲ್ಲಿ ಒಬ್ಬರಾದರೂ ವಾಂತಿ ಮಾಡಿಕೊಂಡಿರುತ್ತಾರೆ. ಹೀಗಾಗಿ ನಮ್ಮ ಕಡೆಯವರಿಗೆ ಕಡಲೆಂದರೆ ಕನ್ನಂಬಾಡಿ ಕಟ್ಟೆಯ ಹಿನ್ನೀರೇ. ಆಚೆ ದಡ ಮಸುಕಾಗಿ ಕಾಣುತ್ತದೆ, ಗಾಳಿ ಜೋರಾದರೆ ಸಣ್ಣಪುಟ್ಟ ಅಲೆಗಳೂ ಏಳುತ್ತವೆ, ಭಾನುವಾರ ಚುರುಮುರಿ ಮಾರುವವರೂ ಬರುತ್ತಾರೆ. ಕಡಲಿಗೆ ಇದಕ್ಕಿಂತ ಹೆಚ್ಚು ಇನ್ನೇನು ಬೇಕು ಅಂದುಕೊಂಡಿದ್ದೆ.

ಬೇಕಂತೆ. ರಜೆಗೆ ಬಂದಿದ್ದ ತಂಗಿಯ ಮಗಳು ಹಾಗೆ ತೀರ್ಪು ಕೊಟ್ಟಳು. ಪಿಯುಸಿ ಹುಡುಗಿ. ಅವಳ ಕೈಯಲ್ಲೊಂದು ದಪ್ಪ ಇಂಗ್ಲಿಷ್ ಕಾದಂಬರಿ. ಯಾವುದೋ ದೇಶದ ಮೀನುಗಾರರ ಹಳ್ಳಿ, ಮಂಜು, ದೀಪಸ್ತಂಭ, ಮುಳುಗಿ ಸತ್ತ ನಾವಿಕನೊಬ್ಬ ರಾತ್ರಿ ಬಂದು ಗಂಟೆ ಬಾರಿಸುವುದು, ಅದರ ಗುಟ್ಟು ಒಡೆಯಲು ಹೊರಟ ಮೂವರು ಹರೆಯದವರು. “ನಮ್ಮೂರಲ್ಲಿ ಇಂಥದ್ದಕ್ಕೆ ಚಾನ್ಸೇ ಇಲ್ಲ ಮಾವ. ಸಮುದ್ರ ಇಲ್ಲ, ಲೈಟ್‌ಹೌಸ್ ಇಲ್ಲ. ಕಬ್ಬಿನ ಗದ್ದೇಲಿ ಎಂಥ ದೆವ್ವ ಇರುತ್ತೆ?” ಎಂದಳು. ಊರಿಗೆ ರಸ್ತೆ ಸರಿಯಿಲ್ಲ ಎಂದಿದ್ದರೆ ಒಪ್ಪಿಕೊಳ್ಳುತ್ತಿದ್ದೆ. ದೆವ್ವವೇ ಇಲ್ಲ ಎಂದರೆ ಹೇಗೆ ಸುಮ್ಮನಿರುವುದು?

ಮೊದಲು ಹಿನ್ನೀರನ್ನೇ ಮುಂದಿಟ್ಟೆ. 1911ರಲ್ಲಿ ಕಟ್ಟೆಯ ಕೆಲಸ ಶುರುವಾಯಿತು. ನೀರು ನಿಂತ ಮೇಲೆ ಹಳೆಯ ಕನ್ನಂಬಾಡಿ ಊರು ಮುಳುಗಿತು. ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ದೇವಸ್ಥಾನವೂ ಮುಳುಗಿತು. ಮಳೆ ಕೈಕೊಟ್ಟು ಕಟ್ಟೆ ಬತ್ತಿದ ವರ್ಷಗಳಲ್ಲಿ ಮಾತ್ರ ಅದು ಮೇಲೆ ಕಾಣುತ್ತಿತ್ತು. ಜನ ಕೆಸರು ತುಳಿದುಕೊಂಡು ಹೋಗಿ ಕೈಮುಗಿದು ಬರುತ್ತಿದ್ದರು. ಕಟ್ಟೆ 124.80 ಅಡಿ ಮುಟ್ಟಿದರೆ ರೈತನಿಗೆ ಖುಷಿ, ದೇವರಿಗೆ ಜಲವಾಸ. ಆಮೇಲೆ ಕಲ್ಲು ಕಲ್ಲನ್ನೂ ಬಿಚ್ಚಿ ತಂದು ಹೊಸ ಕನ್ನಂಬಾಡಿಯ ದಡದಲ್ಲಿ ಮತ್ತೆ ಕಟ್ಟಿದರು, ಈಗ ಅಲ್ಲಿ ಸೆಲ್ಫಿ ತೆಗೆದುಕೊಳ್ಳುವವರ ಜಾತ್ರೆ. ಹುಡುಗಿ ಕೇಳಿಸಿಕೊಂಡಳು, ಆದರೆ ಒಪ್ಪಲಿಲ್ಲ. “ದೇವರು ಮುಳುಗಿದ್ರೆ ಅದು ದೆವ್ವದ ಕಥೆ ಆಗಲ್ಲ. ಯಾರಾದ್ರೂ ಸಾಯ್ಬೇಕು.”

ಸಾಯಬೇಕು ಅನ್ನುವುದಾದರೆ ನಮ್ಮ ಸೀಮೆಯಲ್ಲಿ ಸತ್ತವರಿಗೇನು ಕಡಿಮೆ? 1792ರ ಫೆಬ್ರುವರಿ 6ರ ರಾತ್ರಿ, ಬೆಳದಿಂಗಳಲ್ಲಿ, ಕಾರ್ನ್‌ವಾಲಿಸನ ಸೈನ್ಯ ಫ್ರೆಂಚ್ ರಾಕ್ಸ್ ಕಡೆಯಿಂದ, ಅಂದರೆ ಈಗಿನ ಪಾಂಡವಪುರದ ಕಡೆಯಿಂದ ಇಳಿದು ಬಂದು, ಹೊಳೆಯ ಉತ್ತರಕ್ಕಿದ್ದ ಟಿಪ್ಪುವಿನ ಪಾಳೆಯದ ಮೇಲೆ ಬಿತ್ತು. ಪಾಂಡವಪುರಕ್ಕೂ ಶ್ರೀರಂಗಪಟ್ಟಣಕ್ಕೂ ನಡುವಿನ ಬಯಲೆಂದರೆ ನಮ್ಮದೇ ಬಯಲು. ನಾವು ನಾಟಿ ಮಾಡುವುದು, ಕಬ್ಬು ಕಡಿಯುವುದು, ಟ್ರ್ಯಾಕ್ಟರ್ ಹೂತುಕೊಂಡಾಗ ಬೈಯುವುದು ಎಲ್ಲವೂ ಅಲ್ಲೇ. ಮತ್ತೆ 1799ರ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸತ್ತ, ಅವನೊಡನೆ ಸಾವಿರಗಟ್ಟಲೆ ಜನ ಸತ್ತರು. ಆದರೂ ರಾತ್ರಿ ನಾಲೆ ನೀರು ತಿರುಗಿಸಲು ಹೋದ ಯಾರೂ ಬಂದೂಕು ಹಿಡಿದ ಸಿಪಾಯಿಯನ್ನು ಕಂಡೆ ಎಂದು ನನ್ನ ಮುಂದೆ ಹೇಳಿಲ್ಲ. ಹಾವು ಕಂಡವರಿದ್ದಾರೆ, ಇತ್ತೀಚೆಗೆ ಚಿರತೆ ಕಂಡವರೂ ಇದ್ದಾರೆ. ಸಿಪಾಯಿ ಮಾತ್ರ ಇಲ್ಲ. ಅಷ್ಟು ಜನ ಒಂದೇ ರಾತ್ರಿಯಲ್ಲಿ ಸತ್ತ ಬಯಲಿನಲ್ಲಿ ಒಂದೂ ದೆವ್ವವಿಲ್ಲ.

ಅದೇ ಹೊಳೆಯ ಪಶ್ಚಿಮವಾಹಿನಿಗೆ ಹೋಗಿ ನೋಡಿ. ದಿನ ಬೆಳಗಾದರೆ ಊರೂರಿನಿಂದ ಬೂದಿಯ ಮಡಕೆಗಳು ಬರುತ್ತವೆ. 1948ರಲ್ಲಿ ಗಾಂಧೀಜಿಯವರ ಚಿತಾಭಸ್ಮದ ಒಂದು ಪಾಲೂ ಅಲ್ಲಿ ನೀರಿಗೆ ಸೇರಿತು. ಇಡೀ ಹಳೇ ಮೈಸೂರಿನ ಸತ್ತವರು ಹಾದುಹೋಗುವ ದಾರಿ ಅದು. ದೆವ್ವದ ಮಾತು ಅಲ್ಲೂ ಇಲ್ಲ. ತಲೆ ಬೋಳಿಸುವವರು, ಪಿಂಡದ ಸಾಮಾನು ಮಾರುವವರು, ದಕ್ಷಿಣೆಗೆ ಚೌಕಾಸಿ ಮಾಡುವವರು ತುಂಬಿರುವ ಕಡೆ ದೆವ್ವಕ್ಕೆ ಕಾಲಿಡಲು ಜಾಗವೆಲ್ಲಿ? ಬಾಕಿ ಇಲ್ಲದಂತೆ ಲೆಕ್ಕ ಚುಕ್ತಾ ಮಾಡಿ ಕಳಿಸಿದ ಮೇಲೆ ವಾಪಸು ಬರಲು ಅವರಿಗಾದರೂ ಏನು ಕೆಲಸ?

ಕೊನೆಗೆ ನನ್ನ ಬಳಿ ಉಳಿದದ್ದು ಸ್ಕಾಟ್ ಬಂಗಲೆ. ಶ್ರೀರಂಗಪಟ್ಟಣದ ಕೋಟೆಯಿಂದ ಸ್ವಲ್ಪ ದೂರದಲ್ಲಿ, ಹೊಳೆಯ ದಂಡೆಯಲ್ಲೇ ಇದೆ. ಕಡಲಿನ ಕಾದಂಬರಿಯವರು ಕಂಡರೆ ಹೊಟ್ಟೆ ಉರಿದುಕೊಳ್ಳುವಂಥ ಜಾಗ. ಕಥೆ ಎಲ್ಲರಿಗೂ ಗೊತ್ತು. ಕರ್ನಲ್ ಸ್ಕಾಟ್ ಪಟ್ಟಣದ ಫಿರಂಗಿ ಗಾಡಿಗಳ ಕಾರ್ಖಾನೆ ನೋಡಿಕೊಳ್ಳುತ್ತಿದ್ದ ದೊರೆ. ಒಂದು ದಿನ ಕೆಲಸದಿಂದ ಮನೆಗೆ ಬಂದರೆ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಕಾಲರಾ ಬಡಿದು ಸತ್ತಿದ್ದಾರೆ. ಅವರನ್ನು ಮಣ್ಣು ಮಾಡಿ ಬಂದವನು ಮಾತಿಲ್ಲದೆ ಎದ್ದು ಹೊಳೆಯ ಕಡೆ ನಡೆದ, ಮತ್ತೆ ಸಿಗಲಿಲ್ಲ. ಮೈಸೂರಿನ ಮಹಾರಾಜರು ಮರುಗಿ, ಅವನು ಬಂದರೂ ಬರಬಹುದೆಂದು ಮನೆಯ ಸಾಮಾನನ್ನು ಇದ್ದ ಹಾಗೇ ಇಡಿಸಿದರು. ಮೇಜು, ಕುರ್ಚಿ, ಮಂಚ, ಪಿಯಾನೋ ಎಲ್ಲವೂ ವರ್ಷಾನುಗಟ್ಟಲೆ ಧೂಳು ಹಿಡಿಯುತ್ತಾ ಹಾಗೇ ಇದ್ದವು. ಇಷ್ಟು ಹೇಳುವ ಹೊತ್ತಿಗೆ ಹುಡುಗಿ ಕಾದಂಬರಿಯನ್ನು ಮುಚ್ಚಿ ಪಕ್ಕಕ್ಕಿಟ್ಟಿದ್ದಳು.

ಈ ಕಥೆಗೆ ಹೆಸರು ತಂದುಕೊಟ್ಟವನು ವಾಲ್ಟರ್ ಯೆಲ್ಢಮ್ ಎಂಬ ಸೇನಾಧಿಕಾರಿ. ಅಲಿಫ್ ಚೀಮ್ ಎಂಬ ವಿಚಿತ್ರ ಕಾವ್ಯನಾಮದಲ್ಲಿ ಪದ್ಯ ಬರೆಯುತ್ತಿದ್ದ. 1870ರ ದಶಕದಲ್ಲಿ ಅವನ ‘ಲೇಸ್ ಆಫ್ ಇಂಡ್’ ಸಂಕಲನ ದಂಡಿನ ಬಂಗಲೆಗಳಲ್ಲೆಲ್ಲ ಓಡಾಡಿತು. ‘ದಿ ಡೆಸರ್ಟೆಡ್ ಬಂಗಲೋ’ ಪದ್ಯ ಆ ಸಂಕಲನದ್ದು. ಊಟವಾದ ಮೇಲೆ ದೀಪ ಸಣ್ಣದು ಮಾಡಿ ದೊರೆಗಳು ಒಬ್ಬರಿಗೊಬ್ಬರು ಓದಿ ಹೇಳಿಕೊಂಡು ನಡುಗಲು ಹೇಳಿಮಾಡಿಸಿದ ಸರಕು.

ನನಗೆ ಈ ಕಥೆಗಿಂತ ಒಂದು ಗೋರಿಕಲ್ಲು ಹೆಚ್ಚು ಇಷ್ಟ. ಹೆದ್ದಾರಿಯಿಂದ ಕೂಗಳತೆಯಲ್ಲಿ, ಹೊಳೆಯ ಬದಿಯಲ್ಲೇ ಗ್ಯಾರಿಸನ್ ಸ್ಮಶಾನವಿದೆ. ಮುನ್ನೂರರಷ್ಟು ಗೋರಿಗಳು. ಡಿ ಮ್ಯೂರಾನ್ ದಳದ ಸ್ವಿಸ್ ಸೈನಿಕರು ಕೂಡ ಅಲ್ಲಿದ್ದಾರೆ. ಆಲ್ಪ್ಸ್ ಬೆಟ್ಟದ ಹುಡುಗರು ಮಂಡ್ಯ ಜಿಲ್ಲೆಯ ಬಿಸಿಲಿನಲ್ಲಿ ಮಲಗಿದ್ದಾರೆ. ಅವರ ನಡುವೆ ಕ್ಯಾರೊಲಿನ್ ಇಸಬೆಲ್ಲಾ ಸ್ಕಾಟ್ ಎಂಬ ಹೆಂಗಸಿನ ಗೋರಿ. ಕರ್ನಲ್ಲನ ಹೆಂಡತಿ. 1817ರಲ್ಲಿ ತೀರಿಕೊಂಡಳು. ಕಾಲರಾದಿಂದಲ್ಲ, ಹೆರಿಗೆಯಲ್ಲಿ. ಕರ್ನಲ್ ಹೊಳೆಗೆ ಹಾರಿದ ಎಂಬುದಕ್ಕೂ ದಾಖಲೆಯ ಆಸರೆಯಿಲ್ಲ. ಕಾಲರಾ, ಇಬ್ಬರು ಹೆಣ್ಣುಮಕ್ಕಳು, ಕಾವೇರಿಯ ಮಡು ಇವೆಲ್ಲ ಆಮೇಲೆ ಬಂದು ಸೇರಿಕೊಂಡವು. ಹೆಂಡತಿ ಸತ್ತ ಮೇಲೆ ನೌಕರಿ ಮುಗಿಸಿ ಹೊರಟುಹೋದ ದೊರೆಯ ಮೇಲೆ ಯಾರು ಪದ್ಯ ಕಟ್ಟುತ್ತಾರೆ?

ಇದನ್ನು ಹೇಳಿದಾಗ ಹುಡುಗಿಯ ಮುಖ ಇಳಿಯಿತು. ನಾನು ಕಥೆ ಹೇಳಿ ನಾನೇ ಕೊಂದುಹಾಕಿದೆ ಎಂದು ದೂರಿದಳು. ಅಷ್ಟರಲ್ಲಿ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ನಮ್ಮವ್ವ ಬಾಯಿ ಹಾಕಿದಳು.

“ಯಾಕವ್ವ ಸತ್ತೋಯ್ತದೆ ಕಥೆ? ಈಗ್ಲೇ ಸರಿಯಾಗದೆ. ಗಂಡ್ಸು ಹೊಳೆಗ್ ಬಿದ್ರೆ ಹೆಣ ಆಯ್ತಾನೆ ಅಷ್ಟೆಯ. ಹೆರಿಗೇಲಿ ಹೋದ ಹೆಂಗ್ಸು ಮನೆ ಬುಟ್ಟು ಹೋಯ್ತಾಳಾ? ಮಗೀನ ಮೊಕ ನೋಡ್ದೆ?”

ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅಲಿಫ್ ಚೀಮನ ಹೆಸರು ಅವಳ ಕಿವಿಗೆ ಬಿದ್ದದ್ದೇ ಅವತ್ತು. ಆದರೆ ದೆವ್ವಗಳ ಕಾನೂನು ಅವಳಿಗೆ ಗೊತ್ತು. ನಮ್ಮ ಸೀಮೆಯ ಹಳ್ಳಿಗಳಲ್ಲಿ ಬಸುರಿ, ಬಾಣಂತಿ ಸತ್ತರೆ ಅಂಜಿಕೆ ಹೆಚ್ಚು. ಅರ್ಧಕ್ಕೆ ನಿಂತ ಬದುಕು ಸುಲಭವಾಗಿ ಎದ್ದು ಹೋಗುವುದಿಲ್ಲ ಎಂಬ ನಂಬಿಕೆ. ಆ ಲೆಕ್ಕದಲ್ಲಿ ಬಂಗಲೆಯ ದೆವ್ವ ಕ್ಯಾರೊಲಿನ್ನೇ ಆಗಬೇಕು. ಸಾಹೇಬರು ಹೇಳಿದ ಕಥೆಯಲ್ಲಿ ಅವಳು ಮಂಚದ ಮೇಲೆ ಸತ್ತು ಮಲಗಿರುವುದು ಬಿಟ್ಟರೆ ಇನ್ನೇನೂ ಮಾಡುವುದಿಲ್ಲ. ದುಃಖ, ಹೊಳೆ, ಮಹಾರಾಜರ ಕರುಣೆ ಎಲ್ಲವೂ ಗಂಡನ ಪಾಲು. ಅದೇ ಬಂಗಲೆಯನ್ನು ಕಿರಂಗೂರಿನ ಮುದುಕಿಯೊಬ್ಬಳ ಕೈಗೆ ಕೊಟ್ಟರೆ ಆಕೆ ಕರ್ನಲ್ಲನನ್ನು ಹೊರಗೆ ಕಳಿಸಿ, ತೊಟ್ಟಿಲನ್ನು ಒಳಗೆ ತಂದಿಡುತ್ತಾಳೆ.

ಆಮೇಲೆ ಯೋಚಿಸಿದರೆ ನಮ್ಮ ಕಡೆ ಗಟ್ಟಿಯಾಗಿ ನಿಂತ ಕಥೆಗಳೆಲ್ಲ ಹೆಂಗಸರವೇ. ಅಲಮೇಲಮ್ಮನನ್ನೇ ತೆಗೆದುಕೊಳ್ಳಿ. 1610ರಲ್ಲಿ ರಾಜ ಒಡೆಯರು ಪಟ್ಟಣವನ್ನು ವಶಮಾಡಿಕೊಂಡು ದಸರಾ ಶುರು ಮಾಡಿದರು. ಈಗಲೂ ಶ್ರೀರಂಗಪಟ್ಟಣ ದಸರೆಗೆ ಪೂಜೆ ಆಗುವುದು, ಆನೆ ಹೊರಡುವುದು ನಮ್ಮ ಕಿರಂಗೂರಿನ ಬನ್ನಿಮಂಟಪದಿಂದ. ಆ ಗೆಲುವಿನ ಬೆನ್ನಿಗೇ ಒಡವೆಗಳಿಗಾಗಿ ಅಲಮೇಲಮ್ಮನನ್ನು ಅಟ್ಟಿಸಿಕೊಂಡು ಹೋದ ಕಥೆ, ಮಾಲಂಗಿಯ ಮಡುವಿಗೆ ಹಾರುವ ಮುನ್ನ ಅವಳು ಹಾಕಿದಳೆನ್ನುವ ‘ತಲಕಾಡು ಮರಳಾಗಲಿ’ ಎಂಬ ಶಾಪ, ಎರಡೂ ಅಂಟಿಕೊಂಡಿವೆ. ತಲಕಾಡಿನ ಮರಳಿಗೆ ಹೊಳೆ, ಗಾಳಿ, ಹಳೆಯ ಅಣೆಕಟ್ಟು ಎಂದು ಭೂಗೋಳದವರು ಕಾರಣ ಕೊಡುತ್ತಾರೆ. ಇರಲಿ. ಸೋತ ವಿಜಯನಗರದ ಪ್ರತಿನಿಧಿಯ ಹೆಂಡತಿಯನ್ನು ಗೆದ್ದ ಅರಮನೆಯವರೇ ನಾಲ್ಕು ಶತಮಾನ ಪೂಜಿಸಿಕೊಂಡು ಬಂದರಲ್ಲ, ಅದಕ್ಕೆ ಭೂಗೋಳದಲ್ಲಿ ಉತ್ತರವಿಲ್ಲ. ಅವರಿಗೂ ಗೊತ್ತಿತ್ತು, ಬಾಕಿ ಇದೆ ಎಂದು. ಬಯಲಿನ ಸಿಪಾಯಿಗಳ ಬಾಕಿಯೇನೂ ಕಡಿಮೆಯಿರಲಿಲ್ಲ, ಆದರೆ ಅದನ್ನು ನೆನೆದು ಹೇಳುವ ಅವ್ವ, ಅಕ್ಕ ಎಲ್ಲೋ ದೂರದ ಊರಿನಲ್ಲಿದ್ದರು. ಹೆಸರು ಹೇಳುವವರಿಲ್ಲದ ಸಾವು ದೆವ್ವವೂ ಆಗಲಾರದು.

ತೊಂಬತ್ತರ ದಶಕದಲ್ಲಿ ಬಾಗಿಲು ಬಾಗಿಲಿಗೆ ‘ನಾಳೆ ಬಾ’ ಬರೆಸಿದವಳೂ ಹೆಂಗಸೇ. ಪರಿಚಯದವರ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತಾಳೆ, ಓಗೊಟ್ಟರೆ ಮುಗಿಯಿತು ಎಂಬ ಸುದ್ದಿ. ನಮ್ಮ ಬೀದಿಯ ಹುಡುಗರೆಲ್ಲ ಶಾಲೆಯ ಸೀಮೆಸುಣ್ಣ ಕದ್ದು ಮನೆ ಮನೆಯ ಕದಕ್ಕೆ ಬರೆದುಕೊಟ್ಟೆವು. ಕಾಗುಣಿತ ತಪ್ಪಿದವನ ಮನೆಯವರು ರಾತ್ರಿಯಿಡೀ ನಿದ್ದೆ ಮಾಡಲಿಲ್ಲ. ಪಾಪ, ಒಳ್ಳೆಯ ದೆವ್ವ. ಬರೆದದ್ದನ್ನು ಓದುತ್ತಿತ್ತು, ಓದಿದ ಮೇಲೆ ಮರ್ಯಾದೆಯಿಂದ ಹಿಂದಿರುಗುತ್ತಿತ್ತು. ಗ್ರಾಮ ಪಂಚಾಯಿತಿಯವರು ‘ಇಲ್ಲಿ ಕಸ ಹಾಕಬೇಡಿ’ ಎಂದು ಬರೆಸಿದ ಗೋಡೆಗೆ ಮನುಷ್ಯರಿಂದ ಇಷ್ಟು ಗೌರವ ಸಿಕ್ಕಿದ್ದನ್ನು ನಾನು ಕಂಡಿಲ್ಲ.

ಹುಡುಗಿ ಈಗ ತಾನೇ ಒಂದು ಕಥೆ ಬರೆಯಲು ಕೂತಿದ್ದಾಳೆ. ಸಮುದ್ರವಿಲ್ಲ, ಹೊಳೆ ಇದೆ. ಲೈಟ್‌ಹೌಸ್ ಬದಲು ಬನ್ನಿಮಂಟಪ. ಮೂವರು ಹುಡುಗರು ಮೊದಲು ಬಂಗಲೆಗೆ ಹೋಗಿ ಹೆದರುತ್ತಾರೆ, ಆಮೇಲೆ ಸ್ಮಶಾನಕ್ಕೆ ಹೋಗಿ ಕಲ್ಲು ಓದುತ್ತಾರೆ. ನಡುವೆ ಕ್ಯಾರೊಲಿನ್ ಒಂದು ರಾತ್ರಿ ಹೊಳೆ ದಾಟಿ ಕಿರಂಗೂರಿಗೇ ಬರುತ್ತಾಳಂತೆ. ಅಲ್ಲೇ ತೊಡಕು. “ಅವಳಿಗೆ ಕನ್ನಡ ಓದಕ್ಕೆ ಬರಲ್ಲ ಅಜ್ಜಿ. ನಾಳೆ ಬಾ ಅಂತ ಬರೆದ್ರೂ ವೇಸ್ಟು. ಏನ್ ಮಾಡಿಸ್ಲಿ?”

“ಬಾಣಂತಿ ಬಾಗ್ಲಿಗ್ ಬಂದ್ರೆ ನಾಳೆ ಬಾ ಅನ್ನಕ್ಕಾಯ್ತದೇನೆ?” ಅವ್ವ ಅವರೆಕಾಯಿಯಿಂದ ತಲೆ ಎತ್ತಲಿಲ್ಲ. “ಒಳಕ್ ಕರ್ಕಂಡು ಮೊದ್ಲು ಹಂಡೆಗೆ ಉರಿ ಹಾಕ್ಬೇಕು.”

ಹಾಗೆ ಮಾಡಿದರೆ ಕಥೆಯಲ್ಲಿ ಭಯ ಎಲ್ಲಿ ಉಳಿಯುತ್ತೆ ಎಂದು ಮೊಮ್ಮಗಳ ತಕರಾರು. ಭಯ ಬೇಕಾದವರು ಬೇರೆ ಮನೆ ನೋಡಿಕೊಳ್ಳಲಿ ಎಂದು ಅಜ್ಜಿಯ ಹಟ. ಏಳನೇ ಅಧ್ಯಾಯ ಅಲ್ಲೇ ನಿಂತಿದೆ.