ಮೂವತ್ತು ಅಡಿಯ ಸಂಸಾರ

ಇಂಗ್ಲೆಂಡಿನ ಎರಿಕ್ ಹಿಸ್ಕಾಕ್‌ನಿಗೆ ಕಡಲೆಂದರೆ ಪ್ರಾಣ. ಆದರೆ ದೃಷ್ಟಿ ಬಹಳ ಮಂದ. ದೂರದ ದೀಪಸ್ತಂಭವನ್ನು ಗುರುತಿಸಿ ಬದುಕಬೇಕಾದವನಿಗೆ ವಿಧಿ ಕೊಟ್ಟ ಕಣ್ಣು ಅಂಥದು! 1941ರಲ್ಲಿ ಕೈಹಿಡಿದ ಸೂಸನ್ ಆತನಿಗೆ ಕಣ್ಣೂ ಆದಳು.

ಇಂಗ್ಲಿಷ್ ಕಾಲುವೆಯ ಕರಾವಳಿ ಸಾಮಾನ್ಯವಾದುದಲ್ಲ. ಸುಮಾರು ಆರು ಗಂಟೆಗೊಮ್ಮೆ ನೀರಿನ ಸೆಳೆತ ದಿಕ್ಕು ಬದಲಿಸುತ್ತದೆ. ಗಾಳಿ ಕುಗ್ಗಿತೆಂದರೆ, ಹಾಯಿ ಬಿಚ್ಚಿದ ದೋಣಿ ನೀರನ್ನು ಸೀಳಿ ಮುಂದೆ ಸಾಗುವಂತೆ ತೋರುತ್ತಲೇ ದಡದ ಲೆಕ್ಕದಲ್ಲಿ ಹಿಂದಕ್ಕೆ ಜಾರುತ್ತಿರುತ್ತದೆ. ಆದುದರಿಂದ ಅಲ್ಲಿ ಪ್ರಯಾಣದ ಮುಹೂರ್ತವನ್ನು ನಿರ್ಣಯಿಸುವುದು ಉಬ್ಬರವಿಳಿತದ ಕೋಷ್ಟಕ. ಅದಕ್ಕೂ ಚಂದ್ರನೇ ಮೂಲವೆಂದರೆ ಜೋಯಿಸರಿಗೆ ಸಂತೋಷವಾದೀತು.

24 ಅಡಿಯ ‘ವಾಂಡರರ್ 2’ರಲ್ಲಿ ಕರಾವಳಿಯನ್ನು ಸುತ್ತಿ ಪಳಗಿದ ದಂಪತಿಗಳು, 1952ರಲ್ಲಿ 30 ಅಡಿಯ ‘ವಾಂಡರರ್ 3’ನ್ನು ಏರಿ, ಭೂಮಂಡಲವನ್ನೇ ಬಳಸಿ 1955ರಲ್ಲಿ ಮರಳಿದರು. ಅಡಿಗೆ, ನಿದ್ರೆ, ನಕ್ಷೆ, ಎರಿಕನ ಬರವಣಿಗೆ, ಎಲ್ಲಕ್ಕೂ ಎಂಟೂವರೆ ಅಡಿ ಅಗಲದೊಳಗೇ ಸ್ಥಳ. ಮುನಿಸು ಬಂದರೆ ಎದ್ದು ಹೋಗಲು ಪಕ್ಕದ ಕೋಣೆಯಾದರೂ ಎಲ್ಲಿ?

ಮುಂದೆ ವಿಶಾಲವಾದ ಮನೆಯ ಆಸೆ ಅವರನ್ನೂ ಬಿಡಲಿಲ್ಲ. 1968ರಲ್ಲಿ 49 ಅಡಿಯ ಉಕ್ಕಿನ ‘ವಾಂಡರರ್ 4’ ಬಂದಿತು. ಸೌಕರ್ಯವೇನೋ ಹೆಚ್ಚಿತು, ಆದರೆ ವಯಸ್ಸೇರುತ್ತಿದ್ದ ಎರಡು ಜೋಡಿ ಕೈಗಳಿಗೆ ಅದರ ಹಾಯಿಗಳು ಭಾರವಾದುವು. ಅದನ್ನು ಬಿಟ್ಟು ಕಿರಿದಾದ ಐದನೆಯದನ್ನು ಕಟ್ಟಿಸಿದರು. 1986ರಲ್ಲಿ ಎರಿಕ್ ತೀರಿಕೊಂಡನು.

‘ವಾಂಡರರ್ 3’ ಮಾತ್ರ ಬೇರೊಬ್ಬ ದಂಪತಿಗಳ ಪಾಲಾಯಿತು. ಅವರು ದಕ್ಷಿಣ ಅಟ್ಲಾಂಟಿಕಿನ ಹಿಮಗಾಳಿಯವರೆಗೂ ಅದನ್ನು ನಡೆಸಿ, ಅದೇ ಇಕ್ಕಟ್ಟಿನಲ್ಲಿ ದಶಕಗಳ ಕಾಲ ಒಲೆ ಹಚ್ಚಿದರು.