ಮರಳಿ ಬೆಳೆದ ದುರ್ಮಾಂಸ ಮತ್ತು ತವಕ್ಕುಲ್‌ನ ಅರ್ಥ

ಕುರ್‌ಆನ್ ಪಾರಾಯಣವನ್ನು ಕಲಿಸುವವನಿಗೆ ಮೂಗು ಕೇವಲ ಉಸಿರಾಟದ ಅಂಗವಲ್ಲ. ತಜ್ವೀದ್‌ನಲ್ಲಿ ‘ಗುನ್ನ’ ಎಂಬ ಅನುನಾಸಿಕ ಧ್ವನಿಯ ಉಗಮಸ್ಥಾನವೇ ಖೈಶೂಮ್, ಅಂದರೆ ಮೂಗಿನ ಒಳಕುಹರ. ಅದು ಮುಚ್ಚಿಹೋದರೆ ‘ನೂನ್’ ಅಕ್ಷರವು ‘ದಾಲ್’ನಂತೆಯೂ ‘ಮೀಮ್’ ಅಕ್ಷರವು ‘ಬಾ’ದಂತೆಯೂ ಕೇಳಿಸುತ್ತದೆ. ಮೂಗಿನಲ್ಲಿ ದುರ್ಮಾಂಸ ಬೆಳೆದಾಗ ನನ್ನ ಸ್ಥಿತಿ ಹಾಗೆಯೇ ಆಗಿತ್ತು. ಅತ್ತರಿನ ಪರಿಮಳವಾಗಲಿ, ಅಡುಗೆಮನೆಯಲ್ಲಿ ಗ್ಯಾಸ್ ಸೋರುವ ವಾಸನೆಯಾಗಲಿ ತಿಳಿಯುತ್ತಿರಲಿಲ್ಲ. ಸೈನಸ್ ಶಸ್ತ್ರಚಿಕಿತ್ಸೆಯ ಬಳಿಕ ಎಲ್ಲವೂ ಮರಳಿತು. ಆದರೆ ಎರಡು ವರ್ಷ ತುಂಬುವುದರೊಳಗೆ ದುರ್ಮಾಂಸವೂ ಮರಳಿತು.

“ಆಪರೇಷನ್ ಮಾಡಿಸಿದರೂ ಹೋಗಲಿಲ್ಲವೆಂದರೆ ಇನ್ನು ಅಲ್ಲಾಹನ ಮೇಲೆ ಬಿಟ್ಟುಬಿಡಿ ಉಸ್ತಾದ್” ಎಂದು ಹಿತೈಷಿಗಳು ಹೇಳಿದರು. ಆ ಮಾತಿನಲ್ಲಿ ಪ್ರೀತಿಯಿತ್ತು. ಜೊತೆಗೆ, ಚಿಕಿತ್ಸೆಯನ್ನು ಕೈಬಿಡುವುದೇ ತವಕ್ಕುಲ್ ಎಂಬ ತಿಳುವಳಿಕೆಯೂ ಅಡಗಿತ್ತು.

ವಾಸ್ತವದಲ್ಲಿ ದುರ್ಮಾಂಸವು ಕಾಯಿಲೆಯ ಫಲವೇ ಹೊರತು ಬೇರಲ್ಲ. ಮೂಗು ಮತ್ತು ಸೈನಸ್‌ಗಳ ಲೋಳೆಪೊರೆಯಲ್ಲಿ ದೀರ್ಘಕಾಲ ಉಳಿಯುವ ಉರಿಯೂತವೇ ಅದರ ಬೇರು. ಶಸ್ತ್ರಚಿಕಿತ್ಸೆಯು ಬೆಳೆದುದನ್ನು ತೆಗೆಯುತ್ತದೆ, ಔಷಧವು ಒಳಗೆ ತಲುಪಲು ದಾರಿ ಮಾಡಿಕೊಡುತ್ತದೆ. ಆದರೆ ಉರಿಯೂತದ ಸ್ವಭಾವವನ್ನು ಅದು ಬದಲಿಸಲಾರದು. ಅಸ್ತಮಾ ಇರುವವರಲ್ಲಿ, ಆಸ್ಪಿರಿನ್ ಮಾತ್ರೆ ಒಗ್ಗದವರಲ್ಲಿ ಅದು ಮರಳುವ ಸಾಧ್ಯತೆ ಇನ್ನೂ ಹೆಚ್ಚು.

ಇಲ್ಲಿ ಸಹಾಬಿ ಅರ್ಫಜ ಬಿನ್ ಅಸ್‌ಅದ್(ರ)ರ ವೃತ್ತಾಂತವನ್ನು ನೆನೆಯಬೇಕು. ಇಸ್ಲಾಮಿಗೆ ಮುಂಚಿನ ಕುಲಾಬ್ ಯುದ್ಧದಲ್ಲಿ ಅವರು ಮೂಗನ್ನು ಕಳೆದುಕೊಂಡಿದ್ದರು. ಬೆಳ್ಳಿಯ ಮೂಗನ್ನು ಅಳವಡಿಸಿಕೊಂಡಾಗ ಅದು ದುರ್ನಾತ ಬೀರತೊಡಗಿತು. ಆಗ ಪ್ರವಾದಿ(ಸ)ರು ಚಿನ್ನದ ಮೂಗನ್ನು ಇಟ್ಟುಕೊಳ್ಳುವಂತೆ ಆದೇಶಿಸಿದರೆಂದು ಅಬೂದಾವೂದ್ ಮತ್ತು ತಿರ್ಮಿದಿ ಹದೀಸ್ ಗ್ರಂಥಗಳಲ್ಲಿದೆ. ಪುರುಷರಿಗೆ ಚಿನ್ನ ನಿಷಿದ್ಧವೆಂಬುದು ನಮಗೆಲ್ಲ ತಿಳಿದಿದೆ. ಮೊದಲ ಉಪಾಯ ವಿಫಲವಾದಾಗ ‘ಇದೇ ನಿನ್ನ ವಿಧಿ’ ಎಂದು ಅವರನ್ನು ಕಳುಹಿಸಲಿಲ್ಲ. ಎರಡನೆಯ ಉಪಾಯಕ್ಕಾಗಿ ಧರ್ಮವೇ ದಾರಿ ತೆರೆಯಿತು. ಹಾಗಿರುವಾಗ ಒಂದು ಚಿಕಿತ್ಸೆ ಸೋತಿತೆಂದು ನಿರಾಶರಾಗಲು ನಮಗೇನು ಕಾರಣ?

ಈ ಕಾಯಿಲೆಯಲ್ಲಿ ಎರಡನೆಯ ದಾರಿಯೆಂದರೆ ದಿನನಿತ್ಯದ ನಿಷ್ಠೆ. ಉಪ್ಪುನೀರಿನಿಂದ ಮೂಗನ್ನು ತೊಳೆಯುವುದು, ವೈದ್ಯರು ಹೇಳಿದ ಸ್ಟೆರಾಯ್ಡ್ ಸ್ಪ್ರೇಯನ್ನು ಗುಣವಾದಂತೆ ಕಂಡರೂ ಅವರನ್ನು ಕೇಳದೆ ನಿಲ್ಲಿಸದಿರುವುದು. ವುಝೂವಿನಲ್ಲಿ ಮೂಗಿಗೆ ನೀರೆಳೆಯುತ್ತೇವಲ್ಲ, ಅದು ಸಾಲದೇ ಎಂದು ಕೆಲವರು ಕೇಳುತ್ತಾರೆ. ಅದು ಇಬಾದತ್, ಇದು ಔಷಧ. ಈ ತೊಳೆಯುವಿಕೆಗೆ ಕುದಿಸಿ ಆರಿಸಿದ ನೀರೇ ಬೇಕು, ಉಪ್ಪಿನ ಪ್ರಮಾಣವೂ ಸರಿಯಿರಬೇಕು. ಉಪವಾಸಿಗನು ಮೂಗಿಗೆ ನೀರನ್ನು ಆಳವಾಗಿ ಎಳೆಯಬಾರದೆಂಬುದು ಪ್ರವಾದಿ(ಸ)ರ ಶಿಕ್ಷಣ. ಆದ್ದರಿಂದ ರಮಝಾನ್‌ನಲ್ಲಿ ಇವೆರಡನ್ನೂ ಇಫ್ತಾರ್‌ನ ನಂತರಕ್ಕೆ ಮತ್ತು ಸಹರಿಯ ವೇಳೆಗೆ ಹೊಂದಿಸಿಕೊಳ್ಳಬಹುದೇ ಎಂದು ವೈದ್ಯರೊಡನೆ ಮಾತನಾಡಿರಿ. ಪದೇ ಪದೇ ಮರಳುವ ದುರ್ಮಾಂಸಕ್ಕೆ ಡುಪಿಲುಮಾಬ್ ಎಂಬ ಚುಚ್ಚುಮದ್ದಿಗೆ 2019ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತಿದೆ. ಅದು ದುಬಾರಿಯಾದರೂ ಬಾಗಿಲು ಮುಚ್ಚಿಲ್ಲವೆಂಬುದಕ್ಕೆ ಸಾಕ್ಷಿ.

ದಿನಕ್ಕೆ ಐದು ಬಾರಿ ವುಝೂ ಮಾಡುವ ನಮಗೆ ಶುದ್ಧಿಯು ಒಮ್ಮೆಗೇ ಮುಗಿಯುವ ಕೆಲಸವಲ್ಲವೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಕೆಲವು ಕಾಯಿಲೆಗಳ ಶುಶ್ರೂಷೆಯೂ ಹಾಗೆಯೇ. ಪ್ರಯತ್ನ ನಮ್ಮದು, ಶಿಫಾ ಅಲ್ಲಾಹನದು. ರೋಗದಿಂದ ಬಳಲುವ ಎಲ್ಲರಿಗೂ ಅವನು ಗುಣವನ್ನೂ, ಗುಣವಾಗುವವರೆಗೆ ದಣಿಯದ ಸಹನೆಯನ್ನೂ ಕರುಣಿಸಲಿ. ಆಮೀನ್.