ಹೊಳೆ ದಾಟಿಸುವ ಮನೆತನಗಳು

ಹೊಸಪೇಟೆ–ಬಳ್ಳಾರಿ ರಸ್ತೆ ಮೇಲಿರುವ ನಮ್ಮ ಪಾಪಿನಾಯಕನಹಳ್ಳಿ ಕಡೆಯವರಿಗೆ ಹಂಪಿ ಪ್ರವಾಸದ ಊರಲ್ಲ. ಮನೆಗೆ ನೆಂಟರು ಬಂದರೆ ಕರೆದುಕೊಂಡು ಹೋಗುವ ಊರು ಅಷ್ಟೇ. ಆದರೆ ಆನೆಗೊಂದಿಗೆ ಹೋಗೋಣ ಅಂದರೆ ಮನೆಯ ಹಿರಿಯರು ಇವತ್ತಿಗೂ ಮೊದಲು ಕೇಳುವುದು, "ಹೊಳ್ಯಾಗ ನೀರು ಎಷ್ಟೈತಿ?" ಎಂದು. ಯಾಕೆಂದರೆ ಈಚೆ ದಡಕ್ಕೂ ಆಚೆ ದಡಕ್ಕೂ ನಡುವೆ ತುಂಗಭದ್ರೆ ಇದ್ದಾಳೆ. ಈಚೆ ದಡ ವಿಜಯನಗರ ಜಿಲ್ಲೆ, ಆಚೆ ದಡ ಕೊಪ್ಪಳ ಜಿಲ್ಲೆ. ಕಣ್ಣಿಗೆ ಕಾಣುವಷ್ಟು ಹತ್ತಿರ, ರಸ್ತೆ ಹಿಡಿದರೆ ಸುತ್ತು.

ಈ ಸುತ್ತು ತಪ್ಪಿಸುತ್ತಿದ್ದವರು ಅಂಬಿಗರು. ಹೊಸಪೇಟೆಯಿಂದ ಕಮಲಾಪುರದ ದಾರಿ ಹಿಡಿದು ತಳವಾರಘಟ್ಟಕ್ಕೆ ಬಂದರೆ ಎದುರಿಗೇ ಆನೆಗೊಂದಿ. ಇಲ್ಲಿ ತಲೆಮಾರುಗಳಿಂದ ಹರಿಗೋಲು ಹಾಕಿ ಜನರನ್ನು ದಾಟಿಸಿದ ಮನೆತನಗಳಿವೆ. ಕಂಪನಿ ಅಂತ ಬೋರ್ಡಿಲ್ಲ, ಕಚೇರಿಯಿಲ್ಲ. ಅಪ್ಪ ಹುಟ್ಟು ಹಾಕಿದ ಜಾಗದಲ್ಲಿ ಮಗ ಹುಟ್ಟು ಹಾಕುತ್ತಾನೆ, ಅಣ್ಣ ದಣಿದರೆ ತಮ್ಮ ಕೂರುತ್ತಾನೆ. ಸಂತೆಗೆ ಹೋಗುವವರು, ಶಾಲೆ ಮಕ್ಕಳು, ಹಾಲಿನ ಕ್ಯಾನು, ಬಾಳೆಗೊನೆ, ಮದುವೆ ದಿಬ್ಬಣ ಎಲ್ಲವೂ ಈ ಬುಟ್ಟಿಯಲ್ಲೇ ದಾಟಿದ್ದು.

ಬುಟ್ಟಿ ಅಂದದ್ದು ಸುಮ್ಮನೆ ಅಲ್ಲ. ಸುಮಾರು 1520ರ ಹೊತ್ತಿಗೆ, ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರ ನೋಡಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕೂಡ ಇದನ್ನು ಬುಟ್ಟಿಗೇ ಹೋಲಿಸಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನ ಹಿಡಿಸುತ್ತಿತ್ತಂತೆ. ನೆಟ್ಟಗೆ ಹೋಗದೆ ಗಿರಗಿರ ತಿರುಗುತ್ತಾ ಸಾಗುವುದನ್ನು ನೋಡಿ ಅವನಿಗೆ ಸೋಜಿಗ. ಐನೂರು ವರ್ಷ ಕಳೆದರೂ ಆಕಾರ ಬದಲಾಗಿಲ್ಲ. ಈಗ ಬಿದಿರಿನ ಸೀಳುಗಳನ್ನು ಹೆಣೆದು, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಚರ್ಮ ಹೋಗಿದೆ, ತಿರುಗುವುದು ಹೋಗಿಲ್ಲ.

ವಿಠ್ಠಲ ದೇವಸ್ಥಾನದ ಬಳಿ ಹೊಳೆಯಲ್ಲಿ ಸಾಲಾಗಿ ನಿಂತ ಕಲ್ಲುಕಂಬಗಳನ್ನು ನೀವು ನೋಡಿರಬಹುದು. ಅದು ವಿಜಯನಗರ ಕಾಲದ ಸೇತುವೆಯ ಉಳಿಕೆ. ಅರಸರ ಸೇತುವೆ ಮುರಿದುಬಿತ್ತು, ಹರಿಗೋಲು ಉಳಿಯಿತು. ನಮ್ಮ ಕಾಲದಲ್ಲೂ ಹಾಗೇ ಆಯಿತು. ಆನೆಗೊಂದಿಗೆ ಹೊಸ ಸೇತುವೆ ಕಟ್ಟಲು ಹೊರಟರು. 1986ರಲ್ಲಿ ವಿಶ್ವ ಪರಂಪರೆ ತಾಣವಾಗಿದ್ದ ಹಂಪಿ, ಇಂಥ ಸೇತುವೆ ಕಾಮಗಾರಿಗಳ ಕಾರಣಕ್ಕೆ 1999ರಲ್ಲಿ ಯುನೆಸ್ಕೋದ ಅಪಾಯದ ಪಟ್ಟಿಗೆ ಸೇರಿತು. 2006ರಲ್ಲಿ ಪಟ್ಟಿಯಿಂದ ಹೊರಬಂತು. ಮತ್ತೆ ಕೆಲಸ ನಡೆಯುತ್ತಿದ್ದಾಗ, 2009ರ ಜನವರಿಯಲ್ಲಿ ಆ ಸೇತುವೆ ಕುಸಿದು ಕಾರ್ಮಿಕರು ಸತ್ತರು. ಅಷ್ಟೂ ವರ್ಷ ಜನರನ್ನು ದಾಟಿಸಿದ್ದು ಅಂಬಿಗರೇ. ಕೊನೆಗೆ ಸ್ವಲ್ಪ ಕೆಳಗೆ, ಬುಕ್ಕಸಾಗರ–ಕಡೆಬಾಗಿಲು ನಡುವೆ ಸೇತುವೆ ಆಯಿತು. ಬಾಣಂತಿಯನ್ನು ರಾತ್ರಿ ಆಸ್ಪತ್ರೆಗೆ ಒಯ್ಯಬೇಕಾದವರಿಗೆ ಅದರ ಬೆಲೆ ಗೊತ್ತು. ಸೇತುವೆ ಬೇಡವಿತ್ತು ಎಂದು ಹೇಳುವ ಹಕ್ಕು ಪ್ರವಾಸಿಗೆ ಇಲ್ಲ.

ಆದರೆ ಸೇತುವೆ ಬಂದ ಮೇಲೆ ಹರಿಗೋಲು ದಾರಿಯಾಗಿ ಉಳಿಯದೆ ಆಟವಾಯಿತು. ಹಂಪಿಗೆ ಎದುರಿನ ವಿರೂಪಾಪುರಗಡ್ಡೆಯಲ್ಲಿ ರೆಸಾರ್ಟ್‌ಗಳಿದ್ದಾಗ ಅಲ್ಲಿಗೆ ಹೋಗುವ ದೋಣಿಗಳಿಗೆ ಬಿಡುವಿರಲಿಲ್ಲ. ಸುಪ್ರೀಂ ಕೋರ್ಟ್ ತೀರ್ಪಿನಂತೆ 2020ರಲ್ಲಿ ಅವನ್ನು ತೆರವು ಮಾಡಿದರು, ಆ ಗಿರಾಕಿಯೂ ಕಡಿಮೆಯಾಯಿತು. ಈಗ ಹೆಚ್ಚಿನವರು ಹತ್ತುವುದು ಒಂದು ಸುತ್ತು ತಿರುಗಿ ಫೋಟೊ ತೆಗೆಸಿಕೊಳ್ಳಲು.

ದೋಣಿ ಇಲ್ಲದೆ ಮುಟ್ಟಲಾಗದ ಜಾಗ ಒಂದಿದೆ. ಅದು ಆನೆಗೊಂದಿ ಬಳಿಯ ನಡುಗಡ್ಡೆ, ನವವೃಂದಾವನ. ಪದ್ಮನಾಭ ತೀರ್ಥರು, ವ್ಯಾಸರಾಜರು, ಸುಧೀಂದ್ರ ತೀರ್ಥರು ಸೇರಿ ಒಂಬತ್ತು ಮಾಧ್ವ ಯತಿಗಳ ವೃಂದಾವನಗಳು ಅಲ್ಲಿವೆ. 2019ರ ಜುಲೈನಲ್ಲಿ ದುಷ್ಕರ್ಮಿಗಳು ವ್ಯಾಸರಾಜರ ವೃಂದಾವನವನ್ನು ಕೆಡವಿದಾಗ, ಅದನ್ನು ಮತ್ತೆ ಕಟ್ಟಲು ಬಂದ ಭಕ್ತರೂ ಹೊಳೆ ದಾಟಿಯೇ ಬರಬೇಕಾಯಿತು. ಇಲ್ಲಿಗೆ ಹೋಗುವ ದೋಣಿಯಲ್ಲಿ ಕೂತರೆ ಮಾತ್ರ ಹಳೆಯ ಕಡವಿನ ರೀತಿ ಇನ್ನೂ ಕಾಣುತ್ತದೆ. ಮಡಿಬಟ್ಟೆಯ ಅಜ್ಜಿ, ಹೂವಿನ ಬುಟ್ಟಿ, ತೊಡೆ ಮೇಲೆ ಮಗು, ಎಲ್ಲರೂ ಅಂಬಿಗನ ಮಾತು ಕೇಳುತ್ತಾರೆ.

"ನಡುವ ಎದ್ದು ನಿಂದ್ರಬ್ಯಾಡ್ರಿ ಅಮ್ಮಾ, ಕೈ ನೀರಿಗೆ ಬಿಡಬ್ಯಾಡ್ರಿ" ಅನ್ನುತ್ತಲೇ ನಮ್ಮನ್ನು ದಾಟಿಸಿದವರನ್ನು, ಮಗನಿಗೂ ಇದೇ ಕೆಲಸವೇ ಎಂದು ಕೇಳಿದೆ. "ಇಲ್ಲರಿ, ಗಂಗಾವತ್ಯಾಗ ಓದಾಕತ್ಯಾನ. ಡ್ಯಾಮಿಂದ ನೀರು ಬಿಟ್ರ ನಾವು ದಂಡಿಗೆ ಕುಂದ್ರಬೇಕು. ಆಗ ಒಲಿ ಹೊತ್ತಬೇಕಲ್ರಿ?" ಎಂದರು. ಕಂಠದಲ್ಲಿ ಬೇಸರ ಇರಲಿಲ್ಲ, ಲೆಕ್ಕ ಇತ್ತು.

ಆ ಲೆಕ್ಕ ನಿಜ. ಹೊಸಪೇಟೆಯ ತುಂಗಭದ್ರಾ ಜಲಾಶಯಕ್ಕೆ 33 ಗೇಟುಗಳು. ಮಳೆಗಾಲದಲ್ಲಿ ಅವನ್ನು ಎತ್ತಿದರೆ ಹಂಪಿಯ ಪುರಂದರ ಮಂಟಪ ಮುಳುಗುತ್ತದೆ, ಕಂಪ್ಲಿ ಸೇತುವೆ ಮೇಲೆ ಓಡಾಟ ನಿಲ್ಲುತ್ತದೆ, ಹರಿಗೋಲುಗಳು ದಡದಲ್ಲಿ ಮಗುಚಿ ಬೀಳುತ್ತವೆ. 2019ರ ಆಗಸ್ಟ್ ಪ್ರವಾಹದಲ್ಲಿ ವಿರೂಪಾಪುರಗಡ್ಡೆಯಲ್ಲಿ ಸಿಕ್ಕಿಬಿದ್ದ ನೂರಾರು ಜನರನ್ನು ಹೊರತರಲು ಹೆಲಿಕಾಪ್ಟರ್ ಬರಬೇಕಾಯಿತು. ರಕ್ಷಣೆಗೆ ಹೋದ ದೋಣಿಯೇ ಮಗುಚಿದ್ದನ್ನು ಟಿ.ವಿ.ಯಲ್ಲಿ ಎಲ್ಲರೂ ನೋಡಿದ್ದೇವೆ.

ಅಂಬಿಗರ ವಿದ್ಯೆ ಏನೆಂದು ನನಗೆ ಅನ್ನಿಸಿದ್ದು ಇಲ್ಲೇ. ಹುಟ್ಟು ಹಾಕುವುದನ್ನು ಯಾರೂ ಕಲಿಯಬಹುದು. ನೀರಿನ ಬಣ್ಣ ನೋಡಿ, ಯಾವ ಬಂಡೆ ಮುಳುಗಿದೆ ಎಂದು ಗಮನಿಸಿ, "ಇವತ್ತು ಬ್ಯಾಡ" ಎಂದು ಗಿರಾಕಿಯನ್ನು ವಾಪಸ್ ಕಳಿಸುವುದು ಮನೆತನದಲ್ಲಿ ಬೆಳೆದವರಿಗೆ ಮಾತ್ರ ಬರುವ ವಿದ್ಯೆ. ಮಗ ನೌಕರಿಗೆ ಹೋದರೆ ತಪ್ಪೇನಿಲ್ಲ. ಆದರೆ ಆ "ಬ್ಯಾಡ" ಹೇಳುವ ಬಾಯಿಯೂ ಅವನ ಜೊತೆಗೇ ಹೊಳೆ ಬಿಟ್ಟು ಹೋಗುತ್ತದೆ.

ನೀವು ಹೋಗುವುದಾದರೆ ಬೆಳಗಿನ ಹೊತ್ತೇ ಹೋಗಿ, ಕತ್ತಲಾಗುವ ಮೊದಲು ಮರಳಿ. ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ. ಹತ್ತಿಪ್ಪತ್ತು ರೂಪಾಯಿಗೆ ಚೌಕಾಸಿ ಮಾಡಬೇಡಿ. ಅಂಬಿಗ ಇವತ್ತು ಬೇಡ ಅಂದರೆ, ಎಷ್ಟೇ ದೂರದಿಂದ ಬಂದಿದ್ದರೂ, ಕೈಮುಗಿದು ಸೇತುವೆಯ ದಾರಿ ಹಿಡಿಯಿರಿ.